ಸತ್ತವರಿಗೆ ಕೊಡಲಿಲ್ಲ ಎನ್ನುವ ಮಾತು

ಯೆಮೀಮಾ,

ಪಸ್ಕ ಹಬ್ಬ ಕಳೆದ ಮೇಲೆ ಬಿಡುಗಡೆಯ ಪತ್ರ ಬರೆಸಿ ಕಳಿಸಬೇಕೆಂದು ನೀನು ನಿನ್ನ ಅಣ್ಣ ಮೆಶುಲ್ಲಾಮನ ಬಾಯಲ್ಲಿ ಹೇಳಿಸಿದ್ದೆ. ಇದು ಅದಲ್ಲ. ಅದನ್ನೂ ಬರೆಸಿದ್ದೇನೆ, ಇಬ್ಬರು ಸಾಕ್ಷಿಗಳು ರುಜು ಹಾಕಿದ್ದಾರೆ, ಮೆಶುಲ್ಲಾಮನ ಸೊಂಟದ ಚೀಲದಲ್ಲಿದೆ. ಆದರೆ ಅದು ನಿನ್ನ ಕೈಗೆ ಬಿದ್ದ ಗಳಿಗೆಯಿಂದ ನಾವು ಒಬ್ಬರಿಗೊಬ್ಬರು ಯಾರೂ ಅಲ್ಲ. ಅದಕ್ಕೇ ಮೊದಲು ಇದನ್ನು ಓದಿ ಹೇಳಬೇಕು, ಆಮೇಲೆ ನೀನಾಗಿ ಕೇಳಿದರೆ ಮಾತ್ರ ಅದನ್ನು ಹೊರಗೆ ತೆಗೆಯಬೇಕು ಎಂದು ನಿನ್ನ ಅಣ್ಣನಿಂದ ಮಾತು ತೆಗೆದುಕೊಂಡಿದ್ದೇನೆ. ನೀನಿನ್ನೂ ನನ್ನ ಹೆಂಡತಿಯಾಗಿರುವಾಗಲೇ ನಿನಗೆ ಹೇಳಬೇಕಾದ ವಿಷಯ ಒಂದಿದೆ.

ಗಡಿಗೆ ನೋಡಿದೆ, ಯೆಮೀಮಾ.

ಇಷ್ಟು ಹೇಳಿದರೆ ನಿನಗೆ ಎಲ್ಲ ತಿಳಿಯುತ್ತದೆ. ಆದರೂ ಮೊದಲಿಂದ ಹೇಳುತ್ತೇನೆ. ನಾನು ಯಾವುದನ್ನೂ ಅರ್ಧಕ್ಕೆ ಬಿಡುವವನಲ್ಲ, ಅದು ನಿನಗೆ ಸಾಕುಬೇಕಾಗುವಷ್ಟು ಗೊತ್ತು. ಹಿತ್ತಲಿನ ಪುದೀನಾ ಕಿತ್ತರೂ ಹತ್ತು ಎಲೆಗೆ ಒಂದು ಎಲೆ ದೇವಾಲಯದ ಸೇವೆ ಮಾಡುವ ಲೇವಿಯವರಿಗೆಂದು ಎತ್ತಿಡುತ್ತಿದ್ದವನು ನಾನು. ನೀನು ಸೆರಗಿನಲ್ಲಿ ನಗು ಒರೆಸಿಕೊಳ್ಳುತ್ತ, “ರೀ, ಈ ಒಂದು ಎಲೆ ಹೊತ್ಕೊಂಡು ಹೋಗೋಕೆ ಲೇವಿಯವರು ಕತ್ತೆ ತರ್ತಾರಾ, ಇಲ್ಲಾ ಕೈಯಲ್ಲೇ ಹಿಡ್ಕೊಂಡು ಹೋಗ್ತಾರಾ?” ಎನ್ನುತ್ತಿದ್ದೆ. ಪಕ್ಕದ ಮನೆಯ ಸೇರಜ್ಜಿ ಗೋಡೆಯ ಆಚೆಯಿಂದಲೇ, “ನಿಂಗೆ ಗಂಡ ಸಿಗ್ಲಿಲ್ಲ ಕಣೇ, ತಕ್ಕಡಿ ಸಿಕ್ತು!” ಎಂದು ಕೂಗುತ್ತಿದ್ದಳು. ನಾನು ಮುಖ ಗಂಟಿಕ್ಕಿಕೊಂಡು ಒಳಗೆ ಹೋಗುತ್ತಿದ್ದೆ. ಒಳಗೊಳಗೆ ಹೆಮ್ಮೆಯೇ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ತೆಕೋವಕ್ಕೆ ನಿನ್ನ ತವರಿಗೆ ಬಂದಾಗ ಮಾಡಿದ್ದೂ ನೆನಪಿದೆ. ಮೆಶುಲ್ಲಾಮ ಬೆಳೆಯಲ್ಲಿ ಹತ್ತನೆಯ ಪಾಲು ಸರಿಯಾಗಿ ತೆಗೆಯುತ್ತಾನೋ ಇಲ್ಲವೋ ಎಂಬ ಅನುಮಾನಕ್ಕೆ ಅವನ ಮನೆಯ ರೊಟ್ಟಿ ಮುಟ್ಟದೆ ಕೂತಿದ್ದೆ. “ಯಾಕೆ ಭಾವ, ನಮ್ಮನೆ ರೊಟ್ಟಿ ನಿಮ್ಮ ಹಲ್ಲಿಗೆ ಗಟ್ಟಿಯಾಯ್ತಾ?” ಎಂದು ಅವನು ಕೇಳಿದ. ನೀನು ತಲೆ ತಗ್ಗಿಸಿಕೊಂಡು ನನ್ನ ಪಾಲಿನ ರೊಟ್ಟಿಯನ್ನೂ ನೀನೇ ತಿಂದೆ.

ನನ್ನ ಅಪ್ಪ ಹಾಗೆ ಬೆಳೆಸಿದ್ದ. ನಮ್ಮ ಮೂಲಪುರುಷ ಯಾಕೋಬ ಮನೆ ಬಿಟ್ಟು ಓಡುವಾಗ ಕೈಯಲ್ಲಿ ಒಂದು ಕೋಲು ಬಿಟ್ಟರೆ ಏನೂ ಇರಲಿಲ್ಲ, ಬೇತೇಲಿನಲ್ಲಿ ಕಲ್ಲಿನ ಮೇಲೆ ತಲೆಯಿಟ್ಟು ಮಲಗಿದ್ದ, ಬೆಳಗ್ಗೆ ಎದ್ದು ‘ನೀನು ಕೊಡುವುದರಲ್ಲೆಲ್ಲ ಹತ್ತನೆಯ ಪಾಲು ನಿನಗೇ’ ಎಂದು ದೇವರಿಗೆ ಮಾತು ಕೊಟ್ಟ ಎಂದು ಅಪ್ಪ ಹೇಳುತ್ತಿದ್ದ. ಆ ಬೇತೇಲಿನ ಗುಡ್ಡ ನಮ್ಮ ಅಂಗಳದಿಂದಲೇ ಕಾಣುತ್ತದಲ್ಲ, ಅದನ್ನು ತೋರಿಸಿ ನಾನೂ ನಮ್ಮ ತಿರ್ಜಾಳಿಗೆ ಅದೇ ಕತೆ ಹೇಳಿದೆ. ಅವಳಿಗೆ ಆಗ ನಾಲ್ಕು ತುಂಬಿತ್ತು. ಎರಡೂ ಕೈ ಎತ್ತಿ ಬೆರಳು ನೋಡಿಕೊಂಡಳು. “ಅಪ್ಪಾ, ಹಂಗಾದ್ರೆ ಇದ್ರಲ್ಲಿ ಒಂದು ದೇವ್ರದಾ?” ಎಂದಳು. ಹೌದು ಅಂದೆ, ತಮಾಷೆಗೆ. ಆ ದಿನವೆಲ್ಲ ಕಿರುಬೆರಳು ಮಡಚಿಕೊಂಡೇ ಓಡಾಡಿದಳು. ಊಟಕ್ಕೆ ಕೂತಾಗ, “ಇದು ನಂದಲ್ಲ, ಇದ್ರಲ್ಲಿ ತಿನ್ನಲ್ಲ” ಎಂದು ಹಟ ಮಾಡಿದಳು. ನೀನು ನಕ್ಕು ನಕ್ಕು ಸುಸ್ತಾಗಿ ಕಂಬಕ್ಕೆ ಒರಗಿದ್ದೆ.

ಲೇವಿಯವರಿಗೆ ಅವರ ಪಾಲು ಕೊಟ್ಟ ಮೇಲೆ ಇನ್ನೊಂದು ಪಾಲು ತೆಗೆಯುತ್ತಿದ್ದೆವಲ್ಲ, ನಾವೇ ಯೆರೂಸಲೇಮಿಗೆ ಹೊತ್ತುಕೊಂಡು ಹೋಗಿ ದೇವರ ಊರಿನಲ್ಲಿ ತಿಂದು ಮುಗಿಸಬೇಕಾದದ್ದು, ತಿರ್ಜಾಳಿಗೆ ಬಹಳ ಇಷ್ಟವಾದದ್ದು ಅದು. ಅಂಜೂರದ ಅಚ್ಚು, ದ್ರಾಕ್ಷಾರಸ, ಎಣ್ಣೆ. ನನ್ನ ಹೆಗಲ ಮೇಲೆ ಕೂತು ಬೆಟ್ಟ ಹತ್ತಿ, ಮೇಲೆ ಹೋದ ಮೇಲೆ ಕೈಬಾಯೆಲ್ಲ ಅಂಟು ಮಾಡಿಕೊಂಡು ತಿನ್ನುತ್ತಿದ್ದಳು. ನೀನು ಅಲ್ಲಿಯೇ ಅವಳ ತಲೆಗೆ ಎಣ್ಣೆ ತಟ್ಟುತ್ತಿದ್ದೆ. ಆ ಪಾಲು ಸಂತೋಷದ ಪಾಲು. ಅದಕ್ಕೇ ದುಃಖದಲ್ಲಿರುವಾಗ ಅದನ್ನು ತಿನ್ನಬಾರದು, ಸತ್ತವರಿಗಾಗಿ ಅದನ್ನು ಬಳಸಬಾರದು. ಮೂರು ವರ್ಷಕ್ಕೊಮ್ಮೆ, ಪಸ್ಕ ಹಬ್ಬದ ಕೊನೆಯ ದಿನ, ಗಂಡಸರು ದೇವರ ಮುಂದೆ ನಿಂತು ಅದನ್ನೇ ಬಾಯಿಬಿಟ್ಟು ಹೇಳಬೇಕು. ದುಃಖದಲ್ಲಿ ತಿನ್ನಲಿಲ್ಲ, ಸತ್ತವರಿಗೆ ಕೊಡಲಿಲ್ಲ ಎಂದು.

ಮೊನ್ನೆಯ ಚಳಿಗಾಲವಲ್ಲ, ಅದರ ಹಿಂದಿನದು. ಮಿಡತೆ ಬಂದು ಹೋದ ವರ್ಷ. ಆಲಿವ್ ಹಿಂಡಿದರೆ ಯಾರ ಮನೆಯಲ್ಲೂ ಗಡಿಗೆ ತುಂಬಲಿಲ್ಲ. ನಮ್ಮ ಪಾಲಿಗೆ ಬಂದ ಸ್ವಲ್ಪ ಎಣ್ಣೆಯನ್ನು ಒಂಬತ್ತು ದಿನ ತಿರ್ಜಾಳ ಜ್ವರಕ್ಕೆ ಹಚ್ಚಿ ಹಚ್ಚಿ ಮುಗಿಸಿದೆವು. ಹತ್ತನೆಯ ದಿನ ಮಧ್ಯಾಹ್ನ ಅವಳು ಹೋದಳು. ಸಂಜೆಗೆ ಯಾವ ಕೆಲಸವನ್ನೂ ಮಾಡಬಾರದ ಸಬ್ಬತ್ ಶುರುವಾಗುತ್ತದೆ, ಅಷ್ಟರೊಳಗೆ ಸಮಾಧಿಯ ಗುಹೆಗೆ ಒಯ್ಯಬೇಕು. ಸೇರಜ್ಜಿ ನೀರು ಕಾಯಿಸಿದಳು. ಮೈ ತೊಳೆದ ಮೇಲೆ ಹಚ್ಚಲು ಎಣ್ಣೆ ಇರಲಿಲ್ಲ. ಮೂಲೆಯಲ್ಲಿ ಮಾತ್ರ ಯೆರೂಸಲೇಮಿಗೆಂದು ತೆಗೆದಿಟ್ಟ ಎಣ್ಣೆಯ ಗಡಿಗೆ ಇತ್ತು. ಬಾಯಿಗೆ ಜೇಡಿಮಣ್ಣು ಮೆತ್ತಿ, ಹಸಿಯಿರುವಾಗ ನನ್ನ ಬೆರಳಿನಿಂದಲೇ ಹತ್ತನೆಯ ಪಾಲಿನ ಮೊದಲ ಅಕ್ಷರ ಬರೆದಿದ್ದೆ.

ನೀನು ನನ್ನ ಕಾಲು ಹಿಡಿದೆ. ಅದನ್ನು ಬರೆಯಲು ಕೈ ಬರುವುದಿಲ್ಲ, ಆದರೆ ಬರೆಯುತ್ತೇನೆ. “ರೀ, ಒಂದೇ ಒಂದು ಬೊಗಸೆ. ನಮ್ಮ ಕೂಸು ರೀ. ಒಣಗಿದ ಮೈಯಲ್ಲಿ ಕಳಿಸ್ಬೇಡಿ” ಎಂದೆ. ನಾನು ಕಾಲು ಬಿಡಿಸಿಕೊಂಡೆ. “ಅದು ನಮ್ದಲ್ಲ. ಕೆಳಗಿನ ಊರಿಂದ ತರ್ತೀನಿ” ಎಂದು ಓಡಿದೆ. ಓಡಿದ್ದು ನಿಜ, ಯೆಮೀಮಾ, ದಾರಿಯಲ್ಲಿ ಎರಡು ಸಲ ಬಿದ್ದೆ. ಮೂರು ಬಾಗಿಲು ತಟ್ಟಿದ ಮೇಲೆ ಒಂದು ಸಣ್ಣ ಕುಡಿಕೆಯಲ್ಲಿ ಸಿಕ್ಕಿತು. ಹಿಡಿದುಕೊಂಡು ಬಂದಾಗ ಹೊತ್ತು ಇಳಿದಿತ್ತು. ಗುಹೆಯ ಬಾಯಿಗೆ ಕಲ್ಲು ಉರುಳಿಸಿ ಜನ ವಾಪಸು ಬರುತ್ತಿದ್ದರು.

ಆಗ ನಾನು ನಿನ್ನನ್ನು ತಬ್ಬಿಕೊಳ್ಳಬೇಕಿತ್ತು. ಅಳಬೇಕಿತ್ತು. ಕೊನೆಗೆ ಸುಮ್ಮನಾದರೂ ಇರಬೇಕಿತ್ತು. ಮನೆಯೊಳಗೆ ಬಂದವನು ಮೊದಲು ಮೂಲೆಯ ಕಡೆ ತಿರುಗಿ ಕೇಳಿದ್ದೇನು? “ಗಡಿಗೆ ಮುಟ್ಟಿಲ್ಲ ತಾನೆ?” ಎಂದೆ. ಸಾವಾದ ಮನೆಯಲ್ಲಿ ಬಾಯಿ ಭದ್ರವಾಗಿ ಮುಚ್ಚಿದ ಗಡಿಗೆಗೆ ಮಾತ್ರ ಸೂತಕ ತಟ್ಟುವುದಿಲ್ಲ ಎಂಬ ಲೆಕ್ಕ ನನ್ನ ತಲೆಯಲ್ಲಿ ಓಡುತ್ತಿತ್ತು. ಮಗಳನ್ನು ಮಣ್ಣು ಮಾಡಿದ ದಿನ, ಆ ತಲೆಯಲ್ಲಿ. ನೀನು ನನ್ನ ಮುಖವನ್ನೇ ನೋಡಿ “ಇಲ್ಲ” ಎಂದೆ. ಮೂವತ್ತು ದಿನದ ದುಃಖ ಕಳೆದ ಮರುದಿನ ಮೆಶುಲ್ಲಾಮನ ಕತ್ತೆ ಬಾಗಿಲಲ್ಲಿ ನಿಂತಿತ್ತು. ಹೋಗುವಾಗ ನೀನು ಬೈಯಲೂ ಇಲ್ಲ.

ಆಮೇಲೆ ನಾನು ಆ ಮೂಲೆಗೆ ಹೋಗಲಿಲ್ಲ. ಯೆರೂಸಲೇಮಿಗೂ ಹೋಗಲಿಲ್ಲ. ಒಬ್ಬನೇ ಕೂತು ಸಂತೋಷದ ಪಾಲನ್ನು ಹೇಗೆ ತಿನ್ನುವುದು? ಗಡಿಗೆಯ ಮೇಲೆ ಹಳೆಯ ಚಾಪೆ ಹೊದಿಸಿಬಿಟ್ಟೆ. ಆದರೆ ಈ ಸಲ ಮೂರು ವರ್ಷದ ಗಡುವು ಬಂತು, ತೆಗೆದಿಟ್ಟ ಪಾಲು ಯಾವುದೂ ಮನೆಯಲ್ಲಿ ಉಳಿಯುವಂತಿಲ್ಲ. ಹಬ್ಬಕ್ಕೆ ಎರಡು ದಿನ ಇರುವಾಗ ಚಾಪೆ ಎತ್ತಿ ಗಡಿಗೆಯನ್ನು ಬಾಗಿಲ ಬೆಳಕಿಗೆ ತಂದೆ.

ಅಕ್ಷರ ತಿರುಗಿತ್ತು.

ನಾನು ಬರೆದ ಅಕ್ಷರ ಎಡಕ್ಕೆ ಮುಖ ಮಾಡಿತ್ತು. ಇದು ಬಲಕ್ಕೆ ನೋಡುತ್ತಿತ್ತು. ಗೆರೆ ನಡುಗಿತ್ತು, ಒಂದು ಕಡೆ ಒತ್ತಿ ಮಣ್ಣು ಸೀಳಿತ್ತು. ಓದು ಬಾರದವರು ಪಕ್ಕದಲ್ಲಿ ಹಳೆಯ ತುಂಡು ಇಟ್ಟುಕೊಂಡು, ಎಷ್ಟು ಕೋಡು ಎಷ್ಟು ಬಾಲ ಎಂದು ನೋಡಿ ನೋಡಿ ಬರೆದ ಅಕ್ಷರ. ಮುಚ್ಚಳ ಒಡೆದು ಬಗ್ಗಿ ನೋಡಿದೆ. ಎಣ್ಣೆ ಒಂದು ಬೊಗಸೆಯಷ್ಟು ಕೆಳಗೆ ಹೋಗಿತ್ತು. ಎಷ್ಟು ಬೇಡಿದ್ದೆಯೋ ಅಷ್ಟೇ ತೆಗೆದಿದ್ದೆ.

ನಾನು ಗೋಡೆ ಹಾರಿ ಸೇರಜ್ಜಿಯ ಮುಂದೆ ಹೋಗಿ ನಿಂತೆ. ಅವಳು ಕಾಳು ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. “ಹೂಂ ಕಣೋ, ತೆಗೆದ್ಲು. ನಾನೇ ಬಾಗಿಲಿಗೆ ಅಡ್ಡ ನಿಂತಿದ್ದೆ. ನೆತ್ತಿಯಿಂದ ಅಂಗಾಲಿನ ತನಕ ಹಚ್ಚಿದ್ಲು, ಬೆರಳು ಬೆರಳಿಗೂ ಹಚ್ಚಿದ್ಲು. ಈಗೇನು, ನನ್ನನ್ನೂ ದೇವಾಲಯಕ್ಕೆ ಎಳ್ಕೊಂಡು ಹೋಗ್ತೀಯಾ?” ಎಂದಳು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಆಗ ಕಾಳಿನ ಮೊರ ಕೆಳಗಿಟ್ಟಳು. “ಅವಳೇ ಆಣೆ ಹಾಕಿಸ್ಕೊಂಡ್ಲು. ‘ಅವ್ರಿಗೆ ಗೊತ್ತಾದ್ರೆ ದೇವ್ರ ಮುಂದೆ ಆ ಮಾತು ಹೇಳೋಕೆ ಆಗಲ್ಲ ಅಜ್ಜಿ. ಅದಿಲ್ದೆ ಅವರು ಬದುಕಲ್ಲ. ಗೊತ್ತಿಲ್ದೆ ಹೇಳ್ಲಿ, ಪಾಪ ನಂಗಿರ್ಲಿ’ ಅಂದ್ಲು.”

ನಾನು ಅವಳ ಅಂಗಳದಲ್ಲೇ ಕೂತೆ. ಅಳು ಬಂತು. ಎಂಥ ಅಳು ಎಂದು ಹೇಗೆ ಹೇಳಲಿ! ಒಂದೂವರೆ ವರ್ಷ ನನ್ನ ಕಣ್ಣ ಮುಂದೆ ಇದ್ದದ್ದು ತಿರ್ಜಾಳ ಒಣಗಿದ ಮೈ, ಒಡೆದ ತುಟಿ. ಅದು ಹೋಯಿತು. ಹೊಳೆಯುವ ಕೂದಲಿನಲ್ಲಿ ಅವಳನ್ನು ಮತ್ತೆ ನೋಡಿದೆ. ಪವಿತ್ರವಾದದ್ದನ್ನು ಕೆಡಿಸಿದ್ದಕ್ಕೆ ಸಿಟ್ಟು ಬರಬೇಕಿತ್ತಲ್ಲ, ಹುಡುಕಿದೆ, ಎಲ್ಲೂ ಸಿಗಲಿಲ್ಲ.

ಹಬ್ಬದ ಕೊನೆಯ ದಿನ ದೇವಾಲಯಕ್ಕೆ ಹೋದೆ. ಮಧ್ಯಾಹ್ನದ ಹೊತ್ತು, ಅಂಗಳದ ತುಂಬ ಗಂಡಸರು, ಎಲ್ಲರೂ ಒಟ್ಟಿಗೆ ಗೊಣಗುತ್ತಿದ್ದರು. ನಾನೂ ಶುರು ಮಾಡಿದೆ. ಪವಿತ್ರವಾದದ್ದನ್ನು ಮನೆಯಿಂದ ತೆಗೆದಿದ್ದೇನೆ, ಲೇವಿಯವರಿಗೆ, ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಕೊಟ್ಟಿದ್ದೇನೆ ಎಂದೆ. ಅಷ್ಟೂ ನಿಜ. ಆ ಸಾಲಿಗೆ ಬಂದು ನಿಂತೆ. ಪಕ್ಕದಲ್ಲಿ ನಿಂತಿದ್ದ ಈರುಳ್ಳಿ ಬೆಳೆಯುವವನೊಬ್ಬ ಮೊಣಕೈಯಿಂದ ತಿವಿದು, “ಮರೆತೋಯ್ತಾ ಯಜಮಾನ್ರೆ? ‘ಸತ್ತವರಿಗೆ ಕೊಡಲಿಲ್ಲ’ ಅನ್ನಿ” ಎಂದು ಹೇಳಿಕೊಟ್ಟ, ಪಾಪ. “ಕೊಟ್ಟೆವು” ಎಂದೆ. ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಸುತ್ತಲಿನವರು ತಿರುಗಿ ನೋಡಿದರು. ಅಲ್ಲಿದ್ದ ಲೇವಿಯವನು ಹತ್ತಿರ ಬಂದು, “ಹಂಗೆ ಹೇಳೋ ಹಾಗಿಲ್ಲ ಕಣಯ್ಯಾ. ಇದ್ದ ಹಾಗೆ ಪೂರ್ತಿ ಹೇಳು, ಇಲ್ಲಾ ಸುಮ್ನೆ ಆಚೆ ನಡಿ” ಎಂದ. ಅವನೇನೂ ಕೆಟ್ಟವನಲ್ಲ, ಮೊದಲಾಗಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಆಚೆ ನಡೆದೆ. ಆಕಾಶದಿಂದ ನೋಡು, ನಮ್ಮನ್ನು ಹರಸು ಎಂದು ಕೇಳುವ ಸಾಲು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ನಾನು ಇರಲಿಲ್ಲ.

ಮೆಟ್ಟಿಲು ಇಳಿಯುವಾಗ ಮೈ ಹಗುರವಾಗಿತ್ತು. ಕೊನೆಗೂ ನಿನ್ನ ಪಕ್ಕ ನಿಂತೆ ಎಂದುಕೊಂಡೆ. ಊರ ದಾರಿ ಹಿಡಿದ ಮೇಲೆ ಹೊಳೆಯಿತು, ದೇವರ ಮುಂದೆ ಹೇಳಿದ ಆ ಒಂದು ಮಾತೂ ಸುಳ್ಳು. ಕೊಟ್ಟೆವು ಎಂದೆ. ನಾವೆಲ್ಲಿ ಕೊಟ್ಟೆವು? ಕೊಟ್ಟವಳು ನೀನು. ಕಾಲು ಬಿಡಿಸಿಕೊಂಡವನು ನಾನು. ಈ ಪತ್ರ ಅದನ್ನು ತಿದ್ದುವುದಕ್ಕೆ.

ಇನ್ನು ನಿನ್ನ ಇಷ್ಟ. ಬಾ ಎಂದು ಕರೆಯುವ ಮುಖ ನನಗಿಲ್ಲ. ಕರೆಯದೆ ಇರಲೂ ಆಗುತ್ತಿಲ್ಲ, ಆದ್ದರಿಂದ ಕರೆಯುತ್ತಿದ್ದೇನೆ. ಬರುವುದಿಲ್ಲ ಎನ್ನುವುದಾದರೆ ಅಣ್ಣನ ಮುಂದೆ ಕೈ ಚಾಚು, ಅವನು ಆ ಪತ್ರ ಕೊಡುತ್ತಾನೆ. ನಾನು ನಿನ್ನ ಮೇಲೆ ಒಂದು ಮಾತೂ ಆಡುವುದಿಲ್ಲ, ಯಾರಿಗೂ ಆಡಲು ಬಿಡುವುದಿಲ್ಲ. ನೀನು ಹೊತ್ತುಕೊಂಡ ಪಾಪ ಏನಿದ್ದರೂ ಅದು ನನ್ನ ತಲೆಯ ಮೇಲಿರಲಿ ಎಂದು ದೇವರಿಗೆ ಹೇಳಿಯಾಗಿದೆ.

ಅಲ್ಲಿ ಕೇಳದೆ ಬಂದ ಆಶೀರ್ವಾದವನ್ನು ಇಲ್ಲಿ ಕೇಳುತ್ತೇನೆ, ನನ್ನ ಹೊಲಕ್ಕಲ್ಲ, ನಿನಗೆ. ನೀನು ಎಲ್ಲಿದ್ದರೂ ತಣ್ಣಗಿರು. ನಿನ್ನ ಕೈಗಳನ್ನು ದೇವರು ಕಾಯಲಿ.

ಕೆಳಗೆ ‘ತಿರ್ಜಾಳ ಅಪ್ಪ’ ಎಂದು ಬರೆಯಲು ಹೋದೆ. ಆಗಲಿಲ್ಲ. ಆ ದಿನ ಅವಳಿಗೆ ಇದ್ದದ್ದು ಅಮ್ಮ ಒಬ್ಬಳೇ.

ಹಿಲ್ಕೀಯ