ನೆಲಮಾಳಿಗೆಗೆ ಇಳಿಯದ ಸಿಗ್ನಲ್

ಇನ್ನೂ ಹೆಸರಿಡದ ನನ್ನ ಕಂದನಿಗೆ,

ನಿನಗೆ ಅವಸರವಿಲ್ಲ ಎಂದು ನರ್ಸಮ್ಮ ಹೇಳಿದ್ದಾರೆ. ನಿನ್ನ ತಲೆ ಇನ್ನೂ ಕೆಳಗೆ ಇಳಿದಿಲ್ಲವಂತೆ. ಇವತ್ತು ನನಗೆ ರಜೆ. ಕಿಟಕಿಯ ಹತ್ತಿರ ಕುಳಿತು ನಿನಗೆ ಬರೆಯುತ್ತಿದ್ದೇನೆ. ನಾನು ನಿನ್ನಮ್ಮನ ತಂಗಿ, ನಿನಗೆ ಚಿಕ್ಕಮ್ಮ. ಎದುರಿಗೆ ಜನ ಇದ್ದರೆ ನನ್ನ ಮಾತು ಗಂಟಲಲ್ಲೇ ನಿಂತುಬಿಡುತ್ತದೆ. ಬರೆಯುವಾಗ ಹಾಗಾಗುವುದಿಲ್ಲ. ನೀನೂ ಇನ್ನೂ ಎದುರಿಗೆ ಬಂದಿಲ್ಲ, ಅದೂ ಒಂದು ಅನುಕೂಲ.

ಈ ಪತ್ರ ಒಂದು ಫೋನಿನ ಬಗ್ಗೆ. ನಗಬೇಡ. ಒಂದು ಫೋನು ಕೊಳ್ಳುವುದಕ್ಕೆ ನಾನು ಪಟ್ಟ ಪಾಡು ನೋಡಿ ನಿನ್ನಮ್ಮ ಆಗಲೇ ಬೇಕಾದಷ್ಟು ನಕ್ಕಿದ್ದಾಳೆ. "ನೀನು ಯೋಚನೆ ಮಾಡಿ ಮುಗಿಸೋ ಹೊತ್ತಿಗೆ ಈ ಮಗು ಹುಟ್ಟಿ, ಬೆಳೆದು, ತಾನೇ ಅಂಗಡಿಗೆ ಹೋಗಿ ಫೋನ್ ತರುತ್ತೆ ಬಿಡು" ಎಂದಳು. ಆದರೆ ಆ ಯೋಚನೆಯೆಲ್ಲ ನಿನಗಾಗಿಯೇ ಇತ್ತು.

ನಿನ್ನಪ್ಪ ಹಡಗಿನಲ್ಲಿ ಅಡುಗೆಯವನು. ಅವನು ಮನೆಗೆ ಬರುವ ಹೊತ್ತಿಗೆ ನೀನು ಅಂಬೆಗಾಲಿಡುತ್ತಿರುತ್ತೀಯ. ನಿಮ್ಮ ಮನೆ ಇರುವುದು ಕಲ್ಲುಕ್ವಾರಿಯ ಕೆಳಗೆ, ಬಸ್ಸಿನ ಕೊನೆಯ ನಿಲ್ದಾಣದಲ್ಲಿ. ಅಕ್ಕಪಕ್ಕದವರೆಲ್ಲ ಬೆಳಗ್ಗೆ ಬೀಗ ಹಾಕಿ ಕೆಲಸಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುವುದು. ರಾತ್ರಿ ನಾನು ನಿನ್ನಮ್ಮನ ಜೊತೆ ಮಲಗುತ್ತೇನೆ, ಅದಕ್ಕೆ ಚಿಂತೆಯಿಲ್ಲ. ಚಿಂತೆಯೆಲ್ಲ ಹಗಲಿನದು. ಹಗಲಲ್ಲಿ ನಾನು ಪೇಟೆಯ ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುತ್ತೇನೆ.

ನಿನ್ನಮ್ಮ ಒಂದೇ ಸಲ ಕೇಳಿದಳು. ಪಾತ್ರೆ ತಿಕ್ಕುತ್ತಿದ್ದಳು, ನನ್ನ ಕಡೆ ತಿರುಗಲಿಲ್ಲ. "ಹಗಲು ಹೊತ್ತಲ್ಲಿ ನೋವು ಶುರುವಾದ್ರೆ ಏನೇ ಮಾಡೋದು?" ಎಂದಳು. ಆಸ್ಪತ್ರೆಯ ಗಾಡಿ ಕರೆದರೆ ಬರುತ್ತದೆ, ಅದು ಅವಳಿಗೂ ಗೊತ್ತು. ಆದರೆ ಗಾಡಿ ಹತ್ತುವಾಗ ಕೈ ಹಿಡಿಯಲು ತನ್ನವರು ಅಂತ ಒಬ್ಬರು ಬೇಡವೇ? "ಫೋನ್ ಮಾಡು, ಓಡಿ ಬರ್ತೀನಿ" ಎಂದುಬಿಟ್ಟೆ. ಅಂದಮೇಲೆ ನೆನಪಾಯಿತು, ನನ್ನ ಹತ್ತಿರ ಫೋನೇ ಇರಲಿಲ್ಲ. ಹಿಂದಿನ ವಾರವಷ್ಟೇ ನನ್ನ ಹಳೆಯ ಗುಂಡಿ ಫೋನು ಏಪ್ರನ್ನಿನ ಜೇಬಲ್ಲೇ ಉಳಿದು ಮಿಷನ್ನಿಗೆ ಹೋಗಿತ್ತು. ಒಗೆದು, ಹಿಂಡಿ, ಒಣಗಿ ಇಸ್ತ್ರಿ ಮೇಜಿಗೆ ಬಂದಾಗ ಇಸ್ತ್ರಿ ಅಣ್ಣ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ತಂಗೀ, ಇದಕ್ಕೆ ಗಂಜಿ ಹಾಕ್ಲಾ, ಹಾಗೇ ಮಡಚಿಡ್ಲಾ?" ಎಂದು ಕೇಳಿದ್ದ.

ಹೊಸದು ತೆಗೆದುಕೊಳ್ಳುವುದಾದರೆ ಸ್ಮಾರ್ಟ್‌ಫೋನೇ ತೆಗೆದುಕೊಳ್ಳಬೇಕು ಎಂದು ನಿನ್ನಪ್ಪ ಹೇಳಿದ. ನೀನು ಹುಟ್ಟಿದ ದಿನವೇ ಅವನಿಗೆ ನಿನ್ನ ಮುಖ ಕಾಣಬೇಕಂತೆ, ನಿನ್ನಮ್ಮನದೂ ಗುಂಡಿ ಫೋನೇ. ಹಾಗಾಗಿ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಗೆ ಹೋದೆ. ಒಳಗೆ ಹೋಗುವ ಮೊದಲು ಗಾಜಿನಾಚೆ ಬಹಳ ಹೊತ್ತು ನಿಂತಿದ್ದೆ ಎನ್ನುವುದನ್ನು ನಿನ್ನ ಹತ್ತಿರ ಮುಚ್ಚಿಡುವುದೇನು.

ಫೋನು ಆರಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಸಿಮ್ಮು. ನಮ್ಮಲ್ಲಿ ಮೂರು ಕಂಪನಿಗಳು. ಬೋರ್ಡಿನ ಮೇಲಿನ ಚಿತ್ರ ನೋಡಿ ನಾವೆಲ್ಲ ಅವನ್ನು ಹಕ್ಕಿ, ಛತ್ರಿ, ದೀಪ ಎಂದು ಕರೆಯುತ್ತೇವೆ. ಅಂಗಡಿಯವನು ಮೂರರ ಪ್ಲಾನುಗಳನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ದೀಪದಲ್ಲಿ ದಿನವೂ ಸುರಿಯುವಷ್ಟು ನೆಟ್ಟು, ಆದರೆ ತಿಂಗಳು ತುಂಬುವ ಮೊದಲೇ ಪ್ಲಾನು ಮುಗಿಯುತ್ತದೆ. ಛತ್ರಿಯಲ್ಲಿ ನೆಟ್ಟು ಕಡಿಮೆ, ಆದರೆ ಒಮ್ಮೆ ಹಾಕಿಸಿದರೆ ಮೂರು ತಿಂಗಳು ನಿಶ್ಚಿಂತೆ. ಹಕ್ಕಿಯದು ಎಲ್ಲಕ್ಕಿಂತ ಅಗ್ಗ, ಆದರೆ ರೀಚಾರ್ಜ್ ಮುಗಿದ ಮರುದಿನವೇ ಒಳಗೆ ಬರುವ ಕರೆಯೂ ನಿಲ್ಲುತ್ತದೆ.

"ದೀಪ ತಗೊಳ್ಳಿ ಮೇಡಂ, ದಿನಾ ಎರಡು ಸಿನಿಮಾ ನೋಡ್ಬಹುದು" ಎಂದ.

"ಸಿನಿಮಾ ಬೇಡ. ಒಂದು ಕರೆ ಬಂದ್ರೆ ಸಾಕು" ಎಂದೆ.

"ಒಂದೇ ಕರೆನಾ?"

"ಒಂದೇ. ಆದ್ರೆ ಅದು ನೆಲದ ಕೆಳಗೆ ಬರಬೇಕು."

ಅವನು ನನ್ನನ್ನು ಒಮ್ಮೆ ನೋಡಿ, ಮೂರು ಕಂಪನಿಗಳ ನಕ್ಷೆಗಳನ್ನು ಹರವಿದ. ನಕ್ಷೆಯಲ್ಲಿ ಎಲ್ಲಿ ನೋಡಿದರೂ ಬಣ್ಣ ತುಂಬಿತ್ತು. ಕ್ವಾರಿಯ ಮೇಲೂ ಬಣ್ಣ, ಕೆರೆಯ ನಡುವೆಯೂ ಬಣ್ಣ. ಮೀನುಗಳಿಗೂ ಸಿಗ್ನಲ್ ಕೊಟ್ಟಿದ್ದರು. ಆದರೆ ನೆಲಮಾಳಿಗೆ ಯಾವ ನಕ್ಷೆಯಲ್ಲೂ ಇರಲಿಲ್ಲ.

ನಾನೇ ಪರೀಕ್ಷೆ ಮಾಡುವುದೆಂದು ತೀರ್ಮಾನಿಸಿದೆ. ನಮ್ಮ ಒಗೆಯುವ ಕೋಣೆಯಲ್ಲಿ ಕೆಲಸ ಮಾಡುವವರಲ್ಲಿ ಮೂರೂ ಕಂಪನಿಯವರಿದ್ದಾರೆ. ಊಟದ ವಿರಾಮದಲ್ಲಿ ಮೂವರ ಫೋನು ಕೇಳಿ ಪಡೆದೆ. ಕೇಳಿದೆ ಅಂದರೆ, ಇಸ್ತ್ರಿ ಅಣ್ಣನ ಕಿವಿಯಲ್ಲಿ ಹೇಳಿದೆ, ಅವನು ಎಲ್ಲರನ್ನೂ ಕೇಳಿದ. ಮೂರನ್ನೂ ಒಂದು ತಟ್ಟೆಯಲ್ಲಿಟ್ಟುಕೊಂಡು ಮೂಲೆ ಮೂಲೆಗೆ ನಡೆದೆ. ಹಕ್ಕಿ ಮೆಟ್ಟಿಲಲ್ಲೇ ಸತ್ತಿತು. ಛತ್ರಿ ಬಾಗಿಲ ತನಕ ಬಂದು ಹಿಂದೆ ಸರಿಯಿತು. ದೀಪ ಮಾತ್ರ ಬಟ್ಟೆ ಮಡಚುವ ಮೇಜಿನ ಹತ್ತಿರ ಮೂರು ಗೆರೆ ತೋರಿಸಿತು. ಆ ಮೇಜು ನನ್ನದೇ! ಸಂಜೆಯೇ ಹೋಗಿ ದೀಪದ ಸಿಮ್ಮು ಹಾಕಿಸಿಕೊಂಡು ಬಂದೆ. ಆ ರಾತ್ರಿ ನಿನ್ನಮ್ಮನಿಗೆ ಜಂಬದಿಂದ ಹೇಳಿದೆ, "ಇನ್ನು ಯಾವಾಗ ಬೇಕಾದ್ರೂ ಮಾಡು."

ಮರುದಿನ ಮನೆಗೆ ಬಂದಾಗ ಅವಳು ಗೋಡೆಗೆ ಒರಗಿ ಕೂತಿದ್ದಳು. ಮುಖ ಬಾಡಿತ್ತು.

"ಮೂರು ಸಲ ಮಾಡಿದೆ ಕಣೇ. ಯಾವಳೋ ಬಂದು ನೀವು ಕರೆ ಮಾಡಿದವರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಅಂದ್ಲು. ಕೊನೆಗೆ ಅವಳಿಗೇ ಹೇಳ್ದೆ, ನಂಗೆ ಬೆನ್ನು ನೋಯ್ತಿದೆ ಅಂತ."

"ಅವಳೇನಂದ್ಲು?"

"ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ ಅಂದ್ಲು."

ಇಬ್ಬರೂ ನಕ್ಕೆವು. ಅದು ಬರಿಯ ಬೆನ್ನುನೋವು, ಆಗಲೇ ಇಳಿದಿತ್ತು. ಆದರೂ ಆ ರಾತ್ರಿ ಅವಳು ನನ್ನ ಸೆರಗಿನ ತುದಿ ಹಿಡಿದುಕೊಂಡೇ ಮಲಗಿದಳು.

ಎಲ್ಲಿ ತಪ್ಪಿದೆ ಎನ್ನುವುದು ನನಗೆ ಕೆಲಸಕ್ಕೆ ಹೋದಮೇಲೆ ತಿಳಿಯಿತು. ಒದ್ದೆ ಬಟ್ಟೆ ಸಾಗಿಸಲು ನಮ್ಮಲ್ಲಿ ಎದೆಯೆತ್ತರದ ಉಕ್ಕಿನ ಗಾಡಿಗಳಿವೆ. ಊಟದ ಹೊತ್ತಿಗೆ ಅವನ್ನೆಲ್ಲ ತೊಳೆಯಲು ಹಿತ್ತಲಿಗೆ ತಳ್ಳುತ್ತೇವೆ. ಕೆಲಸದ ಹೊತ್ತಿನಲ್ಲಿ ಅವು ತುಂಬಿ ತುಳುಕುತ್ತಾ ನನ್ನ ಮೇಜಿನ ಮುಂದೆ ಸಾಲಾಗಿ ನಿಲ್ಲುತ್ತವೆ. ಅವುಗಳನ್ನು ನಾನೇ ತಳ್ಳಿ ನಿಲ್ಲಿಸುವುದು. ಆದರೂ ಖಾಲಿ ಕೋಣೆಯಲ್ಲಿ ಪರೀಕ್ಷೆ ಮಾಡಿ ಬಂದಿದ್ದೆ. ಇಸ್ತ್ರಿ ಅಣ್ಣ ಹಣೆ ಚಚ್ಚಿಕೊಂಡ. "ಅಲ್ಲಮ್ಮಾ, ಇಷ್ಟು ಉಕ್ಕು, ಇಷ್ಟು ಒದ್ದೆ ಬೆಡ್‌ಶೀಟು! ಇದನ್ನ ದಾಟ್ಕೊಂಡು ಬರೋಕೆ ಸಿಗ್ನಲ್ ಏನು ನಿನ್ನ ಮಾವನ ಮಗನಾ?"

ಇನ್ನೂ ಒಂದನ್ನು ನಾನು ಯೋಚಿಸಿಯೇ ಇರಲಿಲ್ಲ. ಕರೆಗೆ ಎರಡು ತುದಿ. ನಾನು ನನ್ನ ತುದಿಯನ್ನಷ್ಟೇ ಹಿಡಿದುಕೊಂಡು ಓಡಾಡುತ್ತಿದ್ದೆ. ನಿನ್ನಮ್ಮನ ಫೋನಿನಲ್ಲಿದ್ದದ್ದು ಹಕ್ಕಿ. ಮನೆಯೊಳಗೆ ಅದು ಸಿಗುವುದೇ ಇಲ್ಲ, ತಾರಸಿಯ ಮೆಟ್ಟಿಲು ಹತ್ತಬೇಕು. ಅಂದರೆ ಆ ಮೂರು ಸಲವೂ ಅವಳು ನಿನ್ನನ್ನು ಹೊತ್ತುಕೊಂಡು, ನೋಯುವ ಬೆನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಇಳಿದಿದ್ದಳು. ನನಗೆ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಅವಳ ತುದಿಯನ್ನು ಸರಿಮಾಡುವುದು ಸುಲಭವಾಯಿತು. ಈ ಸಲ ಇಸ್ತ್ರಿ ಅಣ್ಣ ಒಂದು ರಾತ್ರಿಗೆ ಕೊಡಿಸಿದ ಛತ್ರಿಯನ್ನೂ ಸೇರಿಸಿ ಮೂರೂ ಸಿಮ್ಮುಗಳನ್ನು ಅವಳ ಮಂಚದ ಮೇಲೆ, ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಬಾಗಿಲು ಹಾಕಿ, ಬಾಗಿಲು ತೆರೆದು ನೋಡಿದೆ. ಎಲ್ಲ ಕಡೆ ಸಿಕ್ಕಿದ್ದು ಛತ್ರಿ. ನಂಬರು ಬದಲಾಗದಂತೆ ಅವಳನ್ನು ಛತ್ರಿಗೆ ಸೇರಿಸಿದೆ. ನಿನ್ನಪ್ಪನಿಗೆ ನಿನ್ನ ಮುಖ ತೋರಿಸುವಷ್ಟು ನೆಟ್ಟು ನನ್ನ ಫೋನಿನಲ್ಲಿ ಧಾರಾಳವಾಗಿದೆ.

ನನ್ನ ತುದಿಗೆ ಮಾತ್ರ ಯಾವ ಕಂಪನಿಯೂ ಒದಗಲಿಲ್ಲ. ನೆಲದ ಮೇಲೆ ಮೂರೂ ಸಿಗುತ್ತವೆ, ನೆಲದ ಕೆಳಗೆ ಒಂದೂ ಇಲ್ಲ. ಸ್ವಾಗತ ಕೋಣೆಯ ಫೋನು ಅತಿಥಿಗಳಿಗೆ ಮಾತ್ರ. ಉಳಿದದ್ದು ಒಂದೇ ದಾರಿ. ನನ್ನ ಫೋನನ್ನು ಮೇಲಿನ ಮಹಡಿಯಲ್ಲಿ ಯಾರಿಗಾದರೂ ಕೊಟ್ಟು ಹೋಗಬೇಕು. ಅದಕ್ಕೆ ಬಾಯಿ ಬಿಟ್ಟು ಕೇಳಬೇಕು.

ಕಂದಾ, ಆಗ ನನಗೆ ಒಂದು ಹೊಳೆಯಿತು. ಇಷ್ಟು ದಿನ ನಾನು ಪ್ಲಾನು, ನಕ್ಷೆ, ಗೆರೆ ಎಂದು ಅಲೆದದ್ದೇ ಈ ಕೇಳುವುದನ್ನು ತಪ್ಪಿಸಿಕೊಳ್ಳಲು. ಒಳ್ಳೆಯ ಸಿಮ್ಮು ಸಿಕ್ಕಿಬಿಟ್ಟರೆ ಯಾರ ಮುಂದೆಯೂ ನಿಲ್ಲಬೇಕಾಗಿಲ್ಲವಲ್ಲ!

ಮೇಲೆ ಕೋಣೆಗಳನ್ನು ಗುಡಿಸಿ ಹಾಸಿಗೆ ಬದಲಿಸುವ ಒಬ್ಬಳಿದ್ದಾಳೆ. ಎಲ್ಲರೂ ಅವಳನ್ನು ರೇಡಿಯೋ ಎನ್ನುತ್ತಾರೆ, ಯಾಕೆಂದು ನಿನಗೆ ಹೇಳಬೇಕಾಗಿಲ್ಲ. ಮೈಲಿಗೆ ಬಟ್ಟೆಯನ್ನು ಅವಳು ಗೋಡೆಯೊಳಗಿನ ಒಂದು ಕೊಳವೆಗೆ ಹಾಕುತ್ತಾಳೆ, ಅದು ಜಾರಿ ನೇರ ನಮ್ಮ ಕೋಣೆಗೆ ಬಂದು ಬೀಳುತ್ತದೆ. ಕಲೆ ಗಟ್ಟಿಯಾಗಿದ್ದರೆ ದಿಂಬಿನ ಚೀಲಕ್ಕೆ ಒಂದು ಗಂಟು ಹಾಕಿ ಮೊದಲು ಬಿಡುತ್ತಾಳೆ. ಹಿಂದೆ ಬರುವುದನ್ನು ಬೇರೆ ಒಗೆಯಿರಿ ಎಂದು ಅದರ ಅರ್ಥ. ಇದು ನಮ್ಮೊಳಗಿನ ವಾಡಿಕೆ, ಯಾರೂ ಕಲಿಸಿದ್ದಲ್ಲ.

ಒಂದು ಬೆಳಗ್ಗೆ ಅವಳ ಮುಂದೆ ಹೋಗಿ ನಿಂತೆ. ಫೋನು ಚಾಚಿದೆ. "ಅಕ್ಕಾ, ಇದು... ನಮ್ಮಕ್ಕಂಗೆ ದಿನ ತುಂಬ್ತಾ ಬಂದಿದೆ" ಎಂದಷ್ಟೇ ಬಂತು.

"ಅಷ್ಟೇನಾ? ಇದನ್ನ ಹೇಳೋಕೆ ಮೂರು ದಿನದಿಂದ ನನ್ನ ಹಿಂದೆ ಬೆಕ್ಕಿನ ಹಾಗೆ ಸುತ್ತುತ್ತಿದ್ಯಾ? ನಾನು ಎಲ್ಲೋ ನೀನು ನನ್ನ ಪೊರಕೆ ಕದಿಯೋಕೆ ನೋಡ್ತಿದೀಯ ಅಂದ್ಕೊಂಡಿದ್ದೆ!" ಫೋನನ್ನು ಕಿತ್ತುಕೊಂಡು ರವಿಕೆಯೊಳಗೆ ಸೇರಿಸಿದಳು. "ಕರೆ ಬಂದ್ರೆ ಎರಡು ಗಂಟು ಹಾಕಿ ಬಿಡ್ತೀನಿ. ಎರಡು ಗಂಟು ಕಂಡ್ರೆ ಕೈಲಿರೋದು ಬಿಟ್ಟು ಓಡು. ಮೇಲ್ವಿಚಾರಕಿ ಹತ್ರ ನಾನು ಮಾತಾಡ್ತೀನಿ, ನೀನು ಮಾತಾಡೋಕೆ ಹೋದ್ರೆ ಮಗುಗೆ ಮದುವೆ ವಯಸ್ಸಾಗುತ್ತೆ."

ಮಧ್ಯಾಹ್ನದೊಳಗೆ ಇಡೀ ಹೋಟೆಲಿಗೆ ನಿನ್ನ ವಿಷಯ ಗೊತ್ತಾಗಿತ್ತು. ಕಾವಲುಗಾರ ಕೂಡ ನನ್ನನ್ನು ನಿಲ್ಲಿಸಿ, ಇನ್ನು ಹಗಲೆಲ್ಲ ಹಿಂಬಾಗಿಲ ಬೀಗ ತೆಗೆದೇ ಇಡುತ್ತೇನೆ, ಅಲ್ಲಿಂದ ಬಸ್ಸು ಹತ್ತಿರ ಎಂದ. ನನಗೆ ನಾಚಿಕೆಯಿಂದ ನೆಲ ಬಿರಿದರೆ ಸಾಕೆನಿಸಿತು. ನೆಲದ ಕೆಳಗೇ ಇದ್ದೆನಲ್ಲ, ಬೇರೆಲ್ಲಿ ಹೋಗಲಿ.

ಮೊನ್ನೆ ಬೆಳಗ್ಗೆ ಟವೆಲು ಮಡಚುತ್ತಿದ್ದೆ. ಕೊಳವೆಯಿಂದ ಒಂದು ದಿಂಬಿನ ಚೀಲ ಬಿತ್ತು. ಅದರ ಹಿಂದೆ ಏನೂ ಬೀಳಲಿಲ್ಲ. ಇಸ್ತ್ರಿ ಅಣ್ಣ ಎತ್ತಿ ನೋಡಿದ. ಎರಡು ಗಂಟು.

ಹೇಗೆ ಓಡಿದೆನೋ ಗೊತ್ತಿಲ್ಲ. ಹಿಂಬಾಗಿಲು ತೆರೆದಿತ್ತು. ಬಸ್ಸಿನಲ್ಲಿ ಕುಳಿತ ಮೇಲೆ ನೋಡಿಕೊಂಡರೆ ಹೆಗಲ ಮೇಲೆ ಹೋಟೆಲಿನ ಟವೆಲು ಹಾಗೇ ಇತ್ತು, ತೋಳೆಲ್ಲ ಒದ್ದೆ. ಪಕ್ಕದಲ್ಲಿದ್ದ ಮುದುಕಿ ಏನಾಯಿತಮ್ಮಾ ಎಂದು ಕೇಳಿದಳು. ಹೇಳಿದೆ. ಗುರುತಿಲ್ಲದವರ ಜೊತೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಅವಳು ಎದ್ದು ಹೋಗಿ ಡ್ರೈವರಿಗೆ ಏನೋ ಹೇಳಿದಳು. ಆಮೇಲೆ ಬಸ್ಸು ಸ್ವಲ್ಪ ಜೋರಾಗಿ ಹೋಯಿತು ಅನಿಸುತ್ತದೆ.

ಮನೆ ಬಾಗಿಲು ತೆರೆದಿತ್ತು. ನಿನ್ನಮ್ಮ ಹೊಸ್ತಿಲ ಬಳಿ ಸ್ಟೂಲಿನ ಮೇಲೆ ಕೂತು ನಿನ್ನ ಸಣ್ಣ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ನನ್ನನ್ನು ನೋಡಿ ಸೂಜಿ ನಿಲ್ಲಿಸಿದಳು.

"ನೋವು?" ಎಂದೆ.

"ಇಲ್ಲ."

"ನೀರು ಹೋಯ್ತಾ?"

"ಇಲ್ಲ ಕಣೇ. ಸುಮ್ನೆ ಮಾಡಿದೆ."

"ಸುಮ್ನೆನಾ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಬೀದಿಯವರಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಟವೆಲನ್ನು ನೆಲಕ್ಕೆ ಎಸೆದೆ. ಒಂದು ದಿನದ ಸಂಬಳ, ಮೇಲ್ವಿಚಾರಕಿಯ ಮುಖ, ಬಸ್ಸಿನ ಮುದುಕಿ, ಎಲ್ಲವನ್ನೂ ಎತ್ತಿ ಆಡಿದೆ. ಅವಳು ತಲೆ ಬಗ್ಗಿಸಿ ಎಲ್ಲ ಕೇಳಿಸಿಕೊಂಡಳು. ಕೊನೆಗೆ ನನಗೇ ಉಸಿರು ಸಾಲದೆ ನಿಲ್ಲಿಸಿದಾಗ ಹೇಳಿದಳು, "ನೀನು ಬರ್ತೀಯ ಅಂತ ನಂಗೆ ಗೊತ್ತಿತ್ತು. ಆದ್ರೆ ದಿನಾ ಹಗಲು ಈ ಬಾಗಿಲು ನೋಡ್ತಾ ಕೂತ್ರೆ, ಗೊತ್ತಿರೋದೂ ಮರೆತುಹೋಗುತ್ತೆ. ನೀನು ಬರೋದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕಿತ್ತು."

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ನಾನು ಎಸೆದ ಟವೆಲನ್ನೇ ಅವಳು ಎತ್ತಿ ನನ್ನ ಮುಖ ಒರೆಸಿದಳು. ಅದು ಬೆವರೆಂದೇ ಇಬ್ಬರೂ ಅಂದುಕೊಂಡೆವು. ಆ ಮಧ್ಯಾಹ್ನ ಅವಳು ಬಾಗಿಲು ಮುಂದೆ ಮಾಡಿ, ಅದಕ್ಕೆ ಬೆನ್ನು ಹಾಕಿ ಮಲಗಿ ನಿದ್ದೆ ಮಾಡಿದಳು. ಹಗಲಲ್ಲಿ ಅವಳು ಹಾಗೆ ಮಲಗಿದ್ದನ್ನು ನಾನು ಎಷ್ಟೋ ತಿಂಗಳಿಂದ ನೋಡಿರಲಿಲ್ಲ. ನೀನು ಅವಳ ಹೊಟ್ಟೆಯೊಳಗೆ ಒಮ್ಮೆ ಹೊರಳಿದೆ, ಸೀರೆಯ ಮೇಲೆಯೇ ಕಾಣಿಸಿತು. ಅವಳಿಗೆ ಎಚ್ಚರವಾಗಲಿಲ್ಲ.

ಕಂದಾ, ನಿನಗೆ ಅನಿಸಿದಾಗ ಬಾ. ಹಗಲೇ ಆದರೂ ಸರಿ. ನಿನ್ನಮ್ಮ ಈಗ ಹೆದರಿಕೊಂಡಿಲ್ಲ. ಬಂದಮೇಲೆ ಗಟ್ಟಿಯಾಗಿ ಅಳು. ಬೇಕಾದ್ದನ್ನು ಬಾಯಿ ಬಿಟ್ಟು ಕೇಳುವ ಧೈರ್ಯ ನಿನಗೆ ಹುಟ್ಟುತ್ತಲೇ ಬರಲಿ, ಕೇಳಿದಾಗ ಓಡಿ ಬರುವವರು ನಿನಗೆ ಜೀವಮಾನವಿಡೀ ಸಿಗಲಿ. ನಿನ್ನ ಅಂಗಿಯ ಕೊನೆಯ ಗುಂಡಿ ಬಾಕಿಯಿದೆ, ಅದನ್ನು ಹೊಲಿಯಲು ಏಳುತ್ತೇನೆ.

ನಿನ್ನ ದಾರಿ ನೋಡುತ್ತಾ,
ನಿನ್ನ ಚಿಕ್ಕಮ್ಮ