ನಿಮ್ಮಪ್ಪನಿಗೆ ಒಪ್ಪಿಸಿದ ಪಾಠ

ಬೆಟಗೇರಿ,
೧೪ ಜುಲೈ ೨೦೨೫

ನನ್ನ ಮುದ್ದು ಪ್ರಿಯಾ,

ಆರಾಮಾಗಿದ್ದೀಯಾ? ಬೆಳಗಾವಿಯಲ್ಲಿ ಮಳೆ ಜೋರಂತೆ. ಆಸ್ಪತ್ರೆಯ ಡ್ಯೂಟಿಯ ನಡುವೆ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಎಂಬ ಚಿಂತೆ ನನಗೆ ಇದ್ದದ್ದೇ. ನನ್ನ ಪರೀಕ್ಷೆಯ ಸುದ್ದಿ ಎಲ್ಲ ಹೇಳುತ್ತೇನೆ, ಹೇಳುತ್ತೇನೆ ಎಂದು ನಿನ್ನನ್ನು ಇಷ್ಟು ದಿನ ಕಾಯಿಸಿದೆ. ಸಿಟ್ಟಾಗಬೇಡ. ಹೇಳಬೇಕಾದದ್ದರಲ್ಲಿ ಹೆಚ್ಚಿನದು ನಿಮ್ಮಪ್ಪನ ಬಗ್ಗೆಯೇ ಇದೆ. ನಾನು ಫೋನಿನಲ್ಲಿ ಮಾತಾಡುವಾಗ ಅವರು ಎದುರಿಗೇ ಕೂತು ನನ್ನ ತುಟಿ ನೋಡುತ್ತಿರುತ್ತಾರೆ, ಅರ್ಧಕ್ಕರ್ಧ ಮಾತು ತಿಳಿದುಕೊಂಡುಬಿಡುತ್ತಾರೆ. ಅವರ ಮುಂದೆ ಅವರ ಮಾತು ಆಡುವುದು ಹೇಗೆ? ಅದಕ್ಕೇ ಈ ಕಾಗದ.

ನಾನು ಪಾಸಾದದ್ದು ನಿನಗೆ ಗೊತ್ತು. ಆದರೆ ಆ ಪರೀಕ್ಷೆಗೆ ನಾನು ಹೋಗುವುದೇ ಬೇಡವೆಂದು ಕೂತಿದ್ದೆ ಎಂಬುದು ನಿನಗೆ ಗೊತ್ತಿಲ್ಲ.

ಹೋದ ವರ್ಷ ಏನಾಯಿತೆಂದು ನೆನಪಿದೆಯಲ್ಲ? ಬರವಣಿಗೆಯ ಪೇಪರುಗಳೆಲ್ಲ ಪಾರಾಗಿ, ಕೊನೆಯ ಮೌಖಿಕ ಪರೀಕ್ಷೆಯಲ್ಲಿ ನಾನು ಬಾಯಿ ತೆರೆಯಲಾಗದೆ ಎದ್ದು ಬಂದೆ. ಪಾರ್ಸೆಲ್ ಆಫೀಸಿನಲ್ಲಿ ದಿನವಿಡೀ ಸೀರೆಯ ಗಂಟುಗಳನ್ನು ಊರೂರಿಗೆ ಕಳಿಸುವವಳು ನಾನು. ಸರಕು ಹೇಗೆ ಹೊರಡಬೇಕು, ಎಲ್ಲಿ ತಂಗಬೇಕು, ಹೇಗೆ ಮುಟ್ಟಬೇಕು ಎನ್ನುವುದೇ ನಾನು ಪದವಿಗೆ ಓದುತ್ತಿದ್ದ ಈ ಲಾಜಿಸ್ಟಿಕ್ಸ್ ವಿದ್ಯೆ. ಆದರೂ ಮೇಜಿನಾಚೆ ಕೂತವರು ಪ್ರಶ್ನೆ ಕೇಳಿದ ಕೂಡಲೇ ಗೊತ್ತಿದ್ದದ್ದೂ ಮರೆತುಹೋಯಿತು. ಈ ಸಲ ಮತ್ತೆ ಅದೇ ಆದರೆ? ಮುಂಡರಗಿ ರಸ್ತೆಯ ಹೊಸ ಗೋದಾಮಿನ ಮೇಲ್ವಿಚಾರಣೆ ನಿಮಗೇ ಎಂದು ನಮ್ಮ ಮಾಲೀಕರು ಹೇಳಿದ್ದರು, ಪದವಿ ಕೈಗೆ ಬಂದರೆ ಮಾತ್ರ. ನಿಮ್ಮಪ್ಪ ಮಗ್ಗ ಬಿಟ್ಟ ಮೇಲೆ ಮನೆ ನಡೆಯುವುದು ನನ್ನ ದುಡಿಮೆಯ ಮೇಲೆ. ಅದನ್ನು ನೆನೆದಷ್ಟೂ ಓದಿದ್ದು ಮರೆಯುತ್ತಿತ್ತು.

ಅದೇ ಹೊತ್ತಿಗೆ ಶಿರಹಟ್ಟಿಯಿಂದ ನಿನ್ನ ಸೋದರತ್ತೆ ನೀಲಗಂಗವ್ವ ಬಂದಿದ್ದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ತಮ್ಮನ ಮೇಲಿನ ಕರುಳು. ಕಿವಿ ಹೋದ ಗಂಡ ಮನೆಯಲ್ಲಿ ಒಬ್ಬನೇ ರಾಟೆಯ ಮುಂದೆ ಕೂತಿರುವಾಗ ಈ ವಯಸ್ಸಿಗೆ ಓದು ಯಾಕೆ, ಸಂಜೆ ಹೊತ್ತಾದರೂ ಅವನ ಹತ್ತಿರ ಕೂತು ಮಾತಾಡಬಾರದೇ ಎಂದರು. ಆ ಮಾತು ನನಗೆ ನಟ್ಟಿತು. ಅವರು ಹೋದ ಮೇಲೂ ಪುಸ್ತಕ ತೆರೆದು ಕೂರುತ್ತಿದ್ದೆ, ಆದರೆ ಓದುತ್ತಿರಲಿಲ್ಲ. ಹೋಗುವುದು ಬೇಡ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿದ್ದೆ. ಯಾರಿಗೂ ಹೇಳಿರಲಿಲ್ಲ.

ಒಂದು ಸಂಜೆ ನಿಮ್ಮಪ್ಪ ರಾಟೆಯಲ್ಲಿ ಕಂಡಿಕೆಗೆ ನೂಲು ಸುತ್ತುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

"ನಿನ್ನಿಯಿಂದ ನಿನ್ನ ತುಟಿ ಅಳ್ಳಾಡವಲ್ಲವು. ಓದೂದು ಬಿಟ್ಟಿ ಏನ?"

ಪ್ರಿಯಾ, ಓದುವಾಗ ನನ್ನ ತುಟಿ ಅಲುಗುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅವರು ದಿನಾಲೂ ಅದನ್ನು ನೋಡುತ್ತಿದ್ದರು. ನನಗೆ ಅಳು ಬಂತು. ಬರೆಯಲು ಬರುತ್ತದೆ, ಬಾಯಿಂದ ಹೇಳಲು ಬರುವುದಿಲ್ಲ, ಜನರ ಮುಂದೆ ಎಲ್ಲ ಹಾರಿಹೋಗುತ್ತದೆ ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದೆ. ಅವರು ರಾಟೆಯನ್ನು ಪಕ್ಕಕ್ಕೆ ಸರಿಸಿದರು.

"ಹಂಗಾರ ನನ್ನ ಮುಂದ ಹೇಳು," ಎಂದರು. "ನನಗಂತೂ ಕೇಳೂದಿಲ್ಲ. ತಪ್ಪಿದ್ರ ಯಾರಿಗೆ ಗೊತ್ತಾಗತೈತಿ?"

ಅಳುತ್ತಿದ್ದವಳು ನಕ್ಕುಬಿಟ್ಟೆ.

ಮರುದಿನದಿಂದ ಅವರೇ ನನ್ನ ಮಾಸ್ತರರಾದರು. ಪುಸ್ತಕ ಅವರ ಕೈಯಲ್ಲಿ, ನಾನು ಕಿಟಕಿಯ ಬೆಳಕಿಗೆ ಮುಖ ಮಾಡಿ ಎದುರಿಗೆ. ಪ್ರಶ್ನೆ ಓದಿ ಹೇಳುವುದು ಅವರು, ಉತ್ತರ ಒಪ್ಪಿಸುವುದು ನಾನು. ನಿನಗೆ ಗೊತ್ತೇ ಇದೆ, ತಮ್ಮ ದನಿ ಎಷ್ಟು ಜೋರಾಗುತ್ತದೆಂದು ತಿಳಿಯದೆ, ಜನ ತಿರುಗಿ ನೋಡುತ್ತಾರೆಂದು ಅವರು ಹೊರಗೆ ಮಾತಾಡುವುದನ್ನೇ ಬಿಟ್ಟಿದ್ದರು. ಆ ಮನುಷ್ಯ "ಸೇಫ್ಟಿ ಸ್ಟಾಕ್ ಅಂದ್ರೇನು?" ಎಂದು, ಕೊರತೆ ಬೀಳದಂತೆ ಹೆಚ್ಚಿಗೆ ಕೂಡಿಡುವ ಸರಕಿನ ಬಗ್ಗೆ, ಇಡೀ ಓಣಿಗೆ ಕೇಳುವಂತೆ ಕೂಗತೊಡಗಿದರು. ಮೊದಲ ದಿನ ನಾನು ನಾಚಿ ಬಾಗಿಲು ಹಾಕಹೋದೆ. ಬೇಡವೆಂದು ಕೈ ಮಾಡಿದರು, ಬೆಳಕು ಬೇಕಂತೆ.

ನಾನು ಗಡಬಡಿಸಿದರೆ ಅವರಿಗೆ ತುಟಿ ಓದಲು ಆಗುತ್ತಿರಲಿಲ್ಲ. ಪುಸ್ತಕ ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತುಬಿಡುತ್ತಿದ್ದರು. ಮತ್ತೆ ಮೊದಲಿನಿಂದ, ಸಾವಕಾಶವಾಗಿ, ಒಂದೊಂದು ಶಬ್ದವನ್ನೂ ಪೂರ್ತಿ ಹೇಳಬೇಕು. ಹಾಗೆ ಹೇಳುತ್ತಾ ಹೇಳುತ್ತಾ ನನಗೇ ಆ ಮಾತುಗಳ ಅರ್ಥ ಇನ್ನಷ್ಟು ತಿಳಿಯಾಯಿತು. ಎದುರುಮನೆಯಲ್ಲಿ ಸೀರೆಗೆ ಫಾಲ್ ಹಚ್ಚುವ ಅಲ್ಮಾಸಬಿ ಕೂಡ ಕೂತಲ್ಲಿಂದಲೇ ಪಾಠ ಕೇಳುತ್ತಿದ್ದಳು. ನಾನೊಂದು ಅಂಶ ಬಿಟ್ಟರೆ "ರೋಹಿಣಕ್ಕ, ನಿನ್ನಿ ಇನ್ನೊಂದು ಹೇಳಿದ್ರಲ್ಲಾ" ಎನ್ನುತ್ತಿದ್ದಳು. ನಿಮ್ಮಪ್ಪನಿಗೆ ಅದು ಕೇಳದು. ನಾನು ನಕ್ಕಿದ್ದನ್ನು ನೋಡಿ ಯಾಕೆಂದು ಕೇಳುತ್ತಿದ್ದರು, ಹೇಳಿದರೆ ತಾವೂ ನಗುತ್ತಿದ್ದರು. ಎಷ್ಟೋ ದಿನಗಳ ಮೇಲೆ ನಾವಿಬ್ಬರೂ ಅಷ್ಟು ಹೊತ್ತು ಎದುರೆದುರು ಕೂತಿದ್ದೆವು. ನಿನ್ನ ಸೋದರತ್ತೆ ಹೇಳಿದ್ದೂ ಅದನ್ನೇ ಅಲ್ಲವೇ?

ಪರೀಕ್ಷೆಯ ದಿನ ಗದಗಿಗೆ ಸಿಟಿ ಬಸ್ಸಿನಲ್ಲಿ ಅವರೂ ಬಂದರು. ಬೇಡವೆಂದರೂ ಕೇಳಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂತರು. ನನ್ನ ಪಾಳಿ ಬಂತು. ಪರೀಕ್ಷಕರು ಬೇರೆ ಊರಿನವರು, ನನಗಿಂತ ಸಣ್ಣ ವಯಸ್ಸು. ಗೋದಾಮಿಗೆ ಬರಬೇಕಾದ ಲಾರಿ ತಡವಾಗಿ, ಬೇಡಿಕೆ ಒಮ್ಮೆಲೇ ಏರಿದರೆ ಏನು ಮಾಡುತ್ತೀರಿ ಎಂದು ಕೇಳಿದರು. ನಾನು ಅವರ ಮುಖ ನೋಡಿ, ಇವರಿಗೂ ಕಿವಿ ಕೇಳದು ಎಂದುಕೊಂಡು ನಿಧಾನವಾಗಿ ಹೇಳತೊಡಗಿದೆ. ಇನ್ನೂ ಬಹಳ ಜನ ಕಾಯುತ್ತಿದ್ದಾರೆ, ಬೇಗ ಹೇಳಿ ಎಂದರು.

"ನಮ್ಮನಿಯವರ ಮುಂದ ಹಿಂಗ ಹೇಳಿ ಕಲಿತೀನ್ರಿ," ಎಂದೆ. "ಅವರಿಗೆ ಕಿವಿ ಕೇಳೂದಿಲ್ಲ. ಇದನ್ನ ಬಿಟ್ರ ನನಗ ಹೇಳಾಕ ಬರೂದಿಲ್ಲ."

ಅವರು ಪೆನ್ನು ಕೆಳಗಿಟ್ಟರು. ಸಾವಕಾಶ ಹೇಳಿ ಎಂದು ನನ್ನ ಮುಖವನ್ನೇ ನೋಡುತ್ತಾ ಪೂರ್ತಿ ಕೇಳಿದರು. ಮುಂದಿನ ಪ್ರಶ್ನೆಗಳಿಗೂ ಹಾಗೆಯೇ ಕಾದರು. ಹೊರಗೆ ಬಂದಾಗ ನಿಮ್ಮಪ್ಪ ಹೇಗಾಯಿತೆಂದು ಕೇಳಲಿಲ್ಲ. ನಾನಿನ್ನೂ ದೂರದಲ್ಲಿರುವಾಗಲೇ ಎದ್ದು ನಿಂತು, ನನ್ನ ಮುಖ ನೋಡಿಯೇ, "ಹೇಳಿದಿ," ಎಂದರು. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರು ಲೆಕ್ಕಿಸಲಿಲ್ಲ.

ಫಲಿತಾಂಶ ಬಂದ ಮೇಲೆ ನೀಲಗಂಗವ್ವ ಶಿರಹಟ್ಟಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಣಗಿಸಿದ ಕಟಕ್ ರೊಟ್ಟಿಯ ದೊಡ್ಡ ಗಂಟನ್ನೇ ಕಳಿಸಿದ್ದಾರೆ. ಬರುವ ತಿಂಗಳಿನಿಂದ ನಾನು ಗೋದಾಮಿಗೆ ಹೋಗಬೇಕು. ನಿಮ್ಮಪ್ಪ ನನಗೊಂದು ಹೊಸ ಕೈಗಡಿಯಾರ ತಂದಿದ್ದಾರೆ, ಪಟ್ಟಿ ಸ್ವಲ್ಪ ದೊಡ್ಡದು. ಬಿಗಿ ಮಾಡಿಸಿಕೊಳ್ಳಬೇಕು.

ನೀನು ಮೈ ಕಡೆ ನೋಡಿಕೋ. ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಎದ್ದು ಮನೆಗೆ ನಡೆಯಲಿ, ನಿನಗೆ ಒಳ್ಳೆಯ ನಿದ್ದೆ ಬರಲಿ. ನಿನ್ನ ತಲೆಯ ಮೇಲೆ ನಮ್ಮಿಬ್ಬರ ಕೈಯೂ ಇದೆ.

ನಿನ್ನ ಅವ್ವ,
ರೋಹಿಣಿ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕೆಂದಿದ್ದೆ, ಕೈ ಬರಲಿಲ್ಲ. ಫಲಿತಾಂಶದ ದಿನ ನೀನು ಫೋನ್ ಮಾಡುತ್ತೀ ಎಂದು ನಿಮ್ಮಪ್ಪ ಮುಖ ತೊಳೆದು, ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ಪಕ್ಕ ಕೂತಿದ್ದರು. ನೀನು ನನ್ನ ಹತ್ತಿರ ಮಾತಾಡಿ, ಅಪ್ಪ ಆರಾಮಾ ಎಂದು ನನ್ನನ್ನೇ ಕೇಳಿ ಇಟ್ಟುಬಿಟ್ಟೆ. ಅವರು ಎದ್ದು ರಾಟೆಯ ಹತ್ತಿರ ಹೋದರು. ಎಷ್ಟೋ ಹೊತ್ತಿನ ಮೇಲೆ, "ಪ್ರಿಯಾನ ದನಿ ಹೆಂಗಿತ್ತು ಅನ್ನೂದು ನೆನಪಾಗವಲ್ದು," ಎಂದರು. "ಸಣ್ಣಾಕಿ ಇದ್ದಾಗಿಂದು ಚೂರು ಐತಿ. ದೊಡ್ಡಾಕಿ ಆದಮ್ಯಾಲಿಂದು ಹೋಗೇತಿ. ಆಕಿಗೆ ಹೇಳಬ್ಯಾಡ."

ನಾನು ಹೇಳುತ್ತಿದ್ದೇನೆ. ನೀನು ಅವರೊಡನೆ ಮಾತು ಬಿಟ್ಟದ್ದು ಬೇಸರಕ್ಕಲ್ಲ, ಕೂಗಿ ಕೂಗಿ ಕೊನೆಗೆ ನಿನಗೆ ಅಳು ಬರುತ್ತದೆ ಎಂದು ನನಗೆ ಗೊತ್ತು. ಕೂಗಬೇಡ ಮಗಳೇ. ವಿಡಿಯೋ ಕಾಲ್ ಮಾಡು, ಬೆಳಕಿಗೆ ಮುಖ ಮಾಡಿ ಕೂತುಕೋ, ಸಾವಕಾಶ ಮಾತಾಡು. ಏನು ಉಂಡೆ ಎಂದು ಹೇಳಿದರೂ ಸಾಕು. ನಾನು ಫೋನನ್ನು ಅವರ ಕೈಗೆ ಕೊಟ್ಟು ಒಳಗೆ ಹೋಗುತ್ತೇನೆ.