ವಾಲ್ವ್ ದುರುಗಣ್ಣನವರ ಸನ್ನಿಧಿಗೆ

ಸರಸ್ವತಿ ನಗರದ ಸಮಸ್ತ ನಲ್ಲಿಗಳ ಚಕ್ರವರ್ತಿಗಳೂ, ವಾಲ್ವ್ ತಿರುಗಿಸಿ ನೀರು ಬಿಡುವವರೂ ಆದ ದುರುಗಣ್ಣನವರಿಗೆ,

ಮೂಲೆಮನೆ ಕಸ್ತೂರಮ್ಮನವರ ಮೊಮ್ಮಗಳು ವಾಣಿಶ್ರೀ ಮಾಡುವ ಸಾಷ್ಟಾಂಗ ನಮಸ್ಕಾರ. ನಲ್ಲೀಲಿ ನೀರು ಬರ್ತಿಲ್ಲ ಅಂತ ಜನ ಬೈತಾರೆ ಅಂತ ತಾವು ಫೋನ್ ಆಫ್ ಮಾಡಿಕೊಂಡು ನಮ್ಮ ಬೀದಿಯನ್ನೇ ತ್ಯಜಿಸಿದ್ದೀರಿ. ಆದಕಾರಣ ಈ ಪತ್ರವನ್ನು ತಮ್ಮ ಮನೆ ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದೇನೆ.

ನಮ್ಮ ಡ್ರಮ್ಮು ಮೊನ್ನೆಯೇ ಖಾಲಿ. ಅಜ್ಜಿಗೆ ತಾವು ನಲ್ಲೀಲಿ ಬಿಡೋ ಹೊಳೆ ನೀರಿಲ್ಲದೆ ಲಿಂಗಪೂಜೆ ಇಲ್ಲ, ಪೂಜೆ ಆಗದೆ ಒಂದು ತುತ್ತೂ ಇಲ್ಲ. ಕ್ಯಾನ್ ನೀರು ತಂದಿಟ್ಟರೆ, "ಯಾವ ಬೋರಿಂದೋ ಏನೋ, ಅತ್ತಾಗ ಇಡು" ಅಂದರು. ನಿನ್ನೆ ಸ್ಕೂಟಿ ಮೇಲೆ ಕೊಡ ಇಟ್ಕೊಂಡು ಹರಿಹರಕ್ಕೇ ಹೋದೆ. ಹೊಳೆ ಹರೀತಿಲ್ಲ, ಬಂಡೆಗಳ ನಡುವೆ ಹಸಿರುಗಟ್ಟಿ ನಿಂತೈತೆ. ಅದನ್ನೇ ಬಟ್ಟೆಯಲ್ಲಿ ಸೋಸಿ ತಂದೆ. ಅಜ್ಜಿ ಮೂಸಿ ನೋಡಿ, "ಯಾವ ಕೆರೇದು ತಂದ್ಯೇ? ದೇವರ ವಿಷಯದಾಗೂ ನಿನ್ನ ಆಟನಾ?" ಅಂತ ಚೆಲ್ಲಿಬಿಟ್ಟರು. ಹೊಳೆ ಬತ್ತಿಹೋಗೈತೆ ಅಂತ ಆಣೆ ಮಾಡಿ ಹೇಳಿದೆ. ನಗ್ತಾರೆ. ನನ್ನ ಮಾತು ಅಂದ್ರೆ ಮನೇಲಿ ಎಲ್ಲರಿಗೂ ನಗು.

"ದುರುಗಣ್ಣ ಬಂದು ಹೇಳ್ಲಿ, ನಂಬ್ತೀನಿ" ಅಂತಾರೆ ಅಜ್ಜಿ. ಇವತ್ತು ಆ ಮಾತೂ ಮಲಗಿದಲ್ಲಿಂದಲೇ ಬಂತು, ಬಾಯಿ ಹತ್ರ ಕಿವಿ ಇಟ್ಟು ಕೇಳಿಸಿಕೊಂಡೆ.

ನಮಗೆ ನೀರು ಬ್ಯಾಡ್ರಿ, ನಿಮ್ಮ ಕೈಲೂ ಇಲ್ಲ ಅಂತ ಗೊತ್ತೈತೆ. ಹೊಳೇಲಿ ನೀರಿಲ್ಲ, ಕ್ಯಾನ್ ನೀರಲ್ಲೇ ಪೂಜೆ ಮಾಡ್ರಿ ಅಂತ ಅಜ್ಜಿಗೆ ಒಂದು ಮಾತು ಹೇಳಿಹೋಗ್ರಿ. ಬೀದಿಯೋರ ಕಣ್ಣಿಗೆ ಬೀಳೋದು ಬ್ಯಾಡ, ಹಿತ್ತಲ ಬಾಗಿಲು ತೆಗೆದಿಟ್ಟಿರ್ತೀನಿ. ಪೂಜೆ ಆದಮೇಲೆ ಅಜ್ಜಿ ಕುಡೀಲಿ ಅಂತ ಗಂಜಿ ಕಾಯಿಸಿ ಇಟ್ಟೀನಿ. ಅದು ಆರೋದ್ರೊಳಗೆ ಬರ್ರಿ, ಅಣ್ಣ.

ತಮ್ಮ ದಾರಿ ಕಾಯುವ,
ವಾಣಿಶ್ರೀ